ವಾಕ್‌ಮನ್ ಶುದ್ಧಿ ಮೀಮಾಂಸೆ: ತೊಕ್ಕೊಟ್ಟು ಶಾಖೆ

ನೇತ್ರಾವತಿಯ ಉತ್ತರ ದಡದ ಪಂಡಿತರು ವಾಕ್‌ಮನ್ನಿನ ಮುಚ್ಚಳ ತೆರೆದು ಬಾಯಿಂದ ಊದುತ್ತಾರೆ. ಇದು ಫೂತ್ಕಾರವಾದ. ದಕ್ಷಿಣ ದಡದ ತೊಕ್ಕೊಟ್ಟು ಶಾಖೆ ಇದನ್ನು ಒಪ್ಪುವುದಿಲ್ಲ. ಗಾಳಿಯ ಜೊತೆ ಎಂಜಲೂ ಹೋಗುತ್ತದೆ. ಆಟಿಯ ಮಳೆಯಲ್ಲಿ, ಕಡಲಿನ ಉಪ್ಪುಗಾಳಿ ಬಡಿಯುವ ಊರಿನಲ್ಲಿ, ಯಂತ್ರದೊಳಕ್ಕೆ ಇನ್ನಷ್ಟು ತೇವ ಕಳಿಸುವವನನ್ನು ಶಾಸ್ತ್ರಕಾರನೆಂದು ಕರೆಯುವುದು ಹೇಗೆ?

ಯಂತ್ರದ ಕುಲಗೋತ್ರ ದೀರ್ಘವಲ್ಲ. ಕ್ಯಾಸೆಟ್ಟು 1963ರಲ್ಲಿ ಫಿಲಿಪ್ಸಿನವರಿಂದ, ವಾಕ್‌ಮನ್ 1979ರ ಜುಲೈ 1ರಂದು ಸೋನಿಯವರಿಂದ. ತೊಕ್ಕೊಟ್ಟಿಗೆ ಅದರ ಆಗಮನ ಗಲ್ಫ್ ಮಾರ್ಗವಾಗಿ, ಸೆಂಟಿನ ಬಾಟಲಿಗಳೊಡನೆ ಒಂದೇ ಪೆಟ್ಟಿಗೆಯಲ್ಲಿ. ಈ ಸಹವಾಸದಿಂದ ಹುಟ್ಟಿದ್ದೇ ಸೆಂಟುವಾದ. ಸೆಂಟಿನಲ್ಲಿ ಸ್ಪಿರಿಟ್ ಉಂಟು, ಸ್ಪಿರಿಟ್ ಹೆಡ್ಡನ್ನು ತೊಳೆಯುತ್ತದೆ, ಆದ್ದರಿಂದ ಸೆಂಟೂ ತೊಳೆಯುತ್ತದೆ ಎಂಬುದು ಸೆಂಟುವಾದಿಗಳ ಅನುಮಾನಪ್ರಮಾಣ. ಇದು ಹೇತ್ವಾಭಾಸ. ಸ್ಪಿರಿಟ್ ಆರಿಹೋಗುತ್ತದೆ, ಸೆಂಟಿನ ಎಣ್ಣೆ ಹೆಡ್ಡಿನ ಮೇಲೆ ಉಳಿಯುತ್ತದೆ. ಆಮೇಲೆ ಹಾಡು ಮಬ್ಬು, ಪರಿಮಳ ಮಾತ್ರ ಸ್ಪಷ್ಟ.

ಇನ್ನು ಶ್ರುತಿಭಂಗ ಪ್ರಕರಣ. ಯಕ್ಷಗಾನದ ಕ್ಯಾಸೆಟ್ಟು ಹಾಕಿದಾಗ ಭಾಗವತರು ಕಪ್ಪು ಮೂರರಿಂದ ಬಿಳಿ ನಾಲ್ಕಕ್ಕೆ ಇಳಿದಂತೆ ಕೇಳಿದರೆ ಭಾಗವತರನ್ನು ದೂರಬಾರದು, ಹೆಡ್ಡನ್ನೂ ಉಜ್ಜಬಾರದು. ರೀಲಿನ ಓಟ ನೂರಕ್ಕೆ ಸುಮಾರು ಆರರಷ್ಟು ತಗ್ಗಿದೆ ಎಂದಷ್ಟೇ ಅರ್ಥ. ಮೊದಲು ಸೆಲ್ಲು ಬದಲಿಸಿ ನೋಡತಕ್ಕದ್ದು. ಆಮೇಲೂ ಹಾಗೆಯೇ ಇದ್ದರೆ ಬೆಲ್ಟು ಸಡಿಲ. ಹಳೆಯ ಬೆಲ್ಟು ಕೆಲವೊಮ್ಮೆ ಕರಗಿ ಹಲಸಿನ ಮೇಣದಂತಾಗುವುದೂ ಉಂಟು. ಅದು ಬೆರಳಿಗೆ ಅಂಟಿದರೆ ಯಾವ ಪಂಥದಲ್ಲೂ ಪರಿಹಾರ ಹೇಳಿಲ್ಲ. (ಸೆಲ್ಲನ್ನು ಒಳಗೇ ಬಿಟ್ಟು ಮಳೆಗಾಲ ಕಳೆದವನಿಗೆ ಪ್ರಾಯಶ್ಚಿತ್ತವನ್ನೂ ಹೇಳಿಲ್ಲ.)

ಸಿದ್ಧಾಂತ ಹೀಗಿದೆ. ಮೆಡಿಕಲ್ಲಿನಿಂದ ಐಸೊಪ್ರೊಪೈಲ್ ತಂದು, ಹತ್ತಿಕಡ್ಡಿಯ ತುದಿಯನ್ನು ಒದ್ದೆ ಮಾಡಿ, ಹೆಡ್ಡನ್ನೂ ಅದರ ಪಕ್ಕದ ಸಣ್ಣ ಉಕ್ಕಿನ ಕಡ್ಡಿಯನ್ನೂ ಮೆಲ್ಲಗೆ ಒರಸತಕ್ಕದ್ದು. ರಬ್ಬರಿನ ರೋಲರಿಗೆ ಅದು ಅತಿಯಾದರೆ ರಬ್ಬರು ಒಣಗಿ ಗಡುಸಾಗುತ್ತದೆ. ಅಲ್ಲಿ ಒದ್ದೆಬಟ್ಟೆಯೇ ಸಾಕು. ಸ್ಕ್ರೂಡ್ರೈವರು ಹೆಡ್ಡಿನ ಹತ್ತಿರ ಸುಳಿಯಬಾರದು, ಅದರಲ್ಲಿ ಅಯಸ್ಕಾಂತದ ಗುಣ ಇದ್ದೀತು.

ಈಗ ಹತ್ತಿಯನ್ನು ನೋಡಬೇಕು. ಅದು ಕಂದಾಗಿದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ಮುಗಿಯುವಷ್ಟರಲ್ಲಿ, ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ, ಸುಮಾರು 130 ಮೀಟರ್ ರೀಲು ಹೆಡ್ಡಿಗೆ ಮೈ ಉಜ್ಜಿಕೊಂಡು ಹೋಗುತ್ತದೆ. ಉಜ್ಜಿದಾಗ ಉದುರುವುದು ರೀಲಿನ ಮೇಲಿನ ಕಬ್ಬಿಣದ ಆಕ್ಸೈಡು. ಹಾಡು ಅಚ್ಚಾಗಿರುವುದೂ ಅದರಲ್ಲೇ. ಎಂದಮೇಲೆ ನಾವು ಕೊಳೆಯೆಂದು ಒರಸಿದ್ದು ಅರ್ಥಧಾರಿಗಳ ಮಾತಿನ ಪುಡಿ. ಕೊಳೆಯೂ ಕಲೆಯೂ ಒಂದೇ ದ್ರವ್ಯ ಎಂಬ ಈ ಅದ್ವೈತವನ್ನು ಉತ್ತರ ದಡದವರು ಇನ್ನೂ ಖಂಡಿಸಿಲ್ಲ, ಊದುವುದರಲ್ಲೇ ಇದ್ದಾರೆ.

ಹಾಗಾದರೆ ಆ ಹತ್ತಿಯನ್ನು ಏನು ಮಾಡುವುದು? ಎಸೆದರೆ ಕರ್ಣಪರ್ವದ ತಾಳಮದ್ದಳೆಯ ಸ್ವಲ್ಪ ಭಾಗವನ್ನು ಎಸೆದಂತೆ. ಶಾಖೆಯೊಳಗೆ ದೀರ್ಘ ಚರ್ಚೆಯಾಗಿ ಕೊನೆಗೆ ನಿರ್ಣಯವಾದದ್ದು ಇಷ್ಟು: ಬೆಂಕಿಪೊಟ್ಟಣದಲ್ಲಿ ತುಂಬಿ, ಮೇಲೆ ಪ್ರಸಂಗದ ಹೆಸರು ಬರೆದು, ಗೋದ್ರೆಜಿನೊಳಗೆ ಇಡತಕ್ಕದ್ದು. ಎ ಬದಿಗೆ ಒಂದು ಪೊಟ್ಟಣ, ಬಿ ಬದಿಗೆ ಬೇರೆಯದು.