ಬ್ರಹ್ಮವೂ ನಮ್ಮ ಮನೆಯ ಏಣಿಯೂ

ಮೈಸೂರಿನ ಯಾವ ಬಡಾವಣೆಗೆ ಹೋದರೂ ಒಬ್ಬರು ಬ್ರಹ್ಮಜಿಜ್ಞಾಸುಗಳು ಇದ್ದೇ ಇರುತ್ತಾರೆ. ನಿವೃತ್ತರು, ಮಂಕಿ ಕ್ಯಾಪಿನವರು, ಪೆನ್ಷನ್ನೂ ಸಕ್ಕರೆ ಕಾಯಿಲೆಯೂ ಒಂದು ಹತೋಟಿಗೆ ಬಂದಿರುವವರು. ಬೆಳಗಾಗೆದ್ದು ಪಾರ್ಕಿನ ಗೇಟಿನಲ್ಲಿ ನಿಂತು, ಹಾಲಿನ ಪ್ಯಾಕೆಟ್ಟು ಹಿಡಿದು ಮನೆಗೆ ಓಡುತ್ತಿರುವವರನ್ನು ತಡೆದು, "ಅದಿರಲಿ, ಸತ್ತ ಮೇಲೆ ಏನಾಗುತ್ತೆ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ?" ಎಂದು ಕೇಳುವುದು ಇವರ ನಿತ್ಯಕರ್ಮ. ಹಾಲು ಒಡೆದೀತು ಎಂಬುದರ ಹೊರತು ಆ ಹೊತ್ತಿನಲ್ಲಿ ನಮಗೆ ಬೇರೆ ಯೋಚನೆ ಇರುವುದಿಲ್ಲ.

ಇವರಲ್ಲಿ ಪಂಗಡಗಳಿವೆ. ಒಂದೇ ಮತವನ್ನು ಹಿಡಿದು ಉಳಿದವರನ್ನೆಲ್ಲ ನರಕಕ್ಕೆ ಕಳುಹಿಸುವವರು ಮೊದಲನೆಯವರು. ಏನನ್ನೂ ಓದದೆ ವಾಟ್ಸ್‌ಆಪಿನಲ್ಲಿ ಬಂದದ್ದನ್ನೇ ಉಪನಿಷತ್ತು ಎಂದು ಮುಂದಕ್ಕೆ ತಳ್ಳುವವರು ಎರಡನೆಯವರು. ಇವರಿಬ್ಬರಿಂದ ತಪ್ಪಿಸಿಕೊಳ್ಳಬಹುದು. ಮೂರನೆಯವರು ನಿಜವಾಗಿಯೂ ಓದುವವರು, ಊರೂರು ಅಲೆದು ಕೇಳುವವರು, ಪ್ರತಿ ಸಲವೂ ಹೊಸ ಮತಕ್ಕೆ ಸೇರಿ ಬರುವವರು. ನಮ್ಮ ಬೀದಿಯ ಮ್ಯಾನೇಜರ್ರು ಈ ಪಂಗಡದವರು. ಬ್ಯಾಂಕಿನ ಸಾಲ ವಸೂಲಿ ವಿಭಾಗದಲ್ಲಿದ್ದು, ಎಂಥೆಂಥ ಕುಳಗಳಿಂದಲೋ ಬಡ್ಡಿಸಮೇತ ಕಕ್ಕಿಸಿದ ಧೀರರು. ನನ್ನಿಂದ ಒಯ್ದ ಏಣಿಯನ್ನು ಮಾತ್ರ ವಾಪಸ್ಸು ಮಾಡಿಲ್ಲ.

ಆರು ಮೆಟ್ಟಿಲಿನ ಅಲ್ಯೂಮಿನಿಯಂ ಏಣಿ. "ಸಂಜೆ ಕೊಡ್ತೀನಿ ಮೇಷ್ಟ್ರೇ" ಎಂದು ಒಯ್ದರು. ಆ ವಾರವೇ ತಿರುವಣ್ಣಾಮಲೈಗೆ ಹೋದರು, ರಮಣ ಮಹರ್ಷಿಗಳ ಆತ್ಮವಿಚಾರವನ್ನು ತಲೆಗೇರಿಸಿಕೊಂಡು ಬಂದರು. ನಾನು ಏಣಿ ಕೇಳಿದೆ. "ನನ್ನ ಏಣಿ ಅಂದ್ರಲ್ಲ, ಆ ನಾನು ಯಾರು? ಮೊದಲು ಅವನನ್ನ ಹುಡುಕಿ, ಆಮೇಲೆ ಏಣಿ ನೋಡೋಣ" ಎಂದರು. ಮನೆಗೆ ಬಂದು ಕಣ್ಣು ಮುಚ್ಚಿ ಹುಡುಕಿದೆ. ನಿದ್ದೆ ಬಂತು.

ಮುಂದೆ ಮೇಲುಕೋಟೆ. ಜೀವ, ಜಗತ್ತು ಎರಡೂ ಭಗವಂತನ ಶರೀರ ಎಂದ ರಾಮಾನುಜರ ವಿಶಿಷ್ಟಾದ್ವೈತ ಅವರಿಗೆ ಬಹಳ ಹಿಡಿಸಿತು. "ಒಂದೇ ಮೈಯಲ್ಲಿ ಎಡಗೈಲಿದ್ರೇನು, ಬಲಗೈಲಿದ್ರೇನು?" ಎಂದು ಏಣಿಯ ವಿಷಯ ಮುಗಿಸಿ, ಪುಳಿಯೋಗರೆ ಗೊಜ್ಜಿನ ಪೊಟ್ಟಣ ಕೊಟ್ಟರು. ಆ ತಿಂಗಳು ನಾನೂ ವಿಶಿಷ್ಟಾದ್ವೈತಿಯಾಗಿದ್ದೆ.

ಉಡುಪಿಯಿಂದ ಬಂದಾಗ ಮಾತ್ರ ನನಗೆ ಆಸೆ ಚಿಗುರಿತು. ಮಧ್ವಾಚಾರ್ಯರ ಪಂಚಭೇದದ ಪ್ರಕಾರ ಜೀವಕ್ಕೂ ಜೀವಕ್ಕೂ ಭೇದ, ಜೀವಕ್ಕೂ ಜಡಕ್ಕೂ ಭೇದ, ಜಡಕ್ಕೂ ಜಡಕ್ಕೂ ಭೇದ. ಎಲ್ಲವೂ ಸತ್ಯ. ಅಂದಮೇಲೆ ಅವರು ಬೇರೆ, ನಾನು ಬೇರೆ, ಏಣಿ ನನ್ನದು! ಆದರೆ ಮ್ಯಾನೇಜರ್ರ ಗಮನ ಜೀವತ್ರೈವಿಧ್ಯದ ಕಡೆಗೆ ಹೊರಳಿತ್ತು. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಬೀದಿಯವರನ್ನೆಲ್ಲ ಸಾಲಗಾರರ ಪಟ್ಟಿಯ ಶಿಸ್ತಿನಲ್ಲಿ ವಿಂಗಡಿಸತೊಡಗಿದರು. ಖಾಲಿ ಸೈಟಿಗೆ ಕಸ ಎಸೆಯುವ ಕೊನೆಮನೆಯವರು ತಮೋಯೋಗ್ಯರು ಎಂಬುದನ್ನು ನಾನೂ ಸಂತೋಷದಿಂದ ಅನುಮೋದಿಸಿದೆ. "ನಾನು?" ಎಂದೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು. "ಒಂದು ಏಣಿಗೆ ಇಷ್ಟು ಸಲ ಓಡಾಡ್ತೀರಿ. ನಿತ್ಯಸಂಸಾರಿ, ಅನುಮಾನವೇ ಇಲ್ಲ."

ಕೂಡಲಸಂಗಮಕ್ಕೆ ಹೋಗಿ ಬಂದವರಿಗೆ ನನ್ನ ಏಣಿಯ ಆರು ಮೆಟ್ಟಿಲುಗಳು ಷಟ್‌ಸ್ಥಲಗಳಾಗಿ ಕಂಡವು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಒಂದೊಂದನ್ನೇ ಮುಟ್ಟಿ ತೋರಿಸಿದರು. ಆ ಭಾವೋದ್ರೇಕದಲ್ಲಿಯೇ ಅದನ್ನು ಪೇಂಟರಿಗೆ ದಾಸೋಹವಾಗಿ ಕೊಟ್ಟುಬಿಟ್ಟರು. ಅವನು ಕಾಯಕಜೀವಿ, ಕೆಲಸ ಮುಗಿದ ಕೂಡಲೇ ತಂದೊಪ್ಪಿಸಿದ. ಒಪ್ಪಿಸಿದ್ದು ಅವರಿಗೇ. ಐಕ್ಯಸ್ಥಲದ ಮೇಲೆ ಈಗಲೂ ಹಸಿರು ಡಿಸ್ಟೆಂಪರ್ ಇದೆ.

ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಅವರು ಹೋದಾಗ ಬೀದಿಗೆಲ್ಲ ನೆಮ್ಮದಿ. ಅಲ್ಲಿ ಮಾತಾಡುವ ಹಾಗಿಲ್ಲ. ಬಂದ ಮೇಲೆ ಮೌನದ ಮಹತ್ವದ ಬಗ್ಗೆ ಯುಗಾದಿಯಿಂದ ಶ್ರಾವಣದವರೆಗೆ ಮಾತಾಡಿದರು. ಅದೇ ಉತ್ಸಾಹದಲ್ಲಿ ಬೈಲುಕುಪ್ಪೆಯ ಟಿಬೆಟನ್ನರ ಹತ್ತಿರ ಹೋಗಿ ಬಂದು, "ಎಲ್ಲ ಕ್ಷಣಿಕ ಮೇಷ್ಟ್ರೇ. ಏಣಿ ತಗೊಂಡವನು ಆಗಲೇ ಇಲ್ಲ. ಈಗಿರೋನ ಮೇಲೆ ಕೇಸು ನಿಲ್ಲಲ್ಲ" ಎಂದರು. ಶ್ರವಣಬೆಳಗೊಳದ ಬೆಟ್ಟ ಹತ್ತಿ ಬಂದಾಗ ಸ್ಯಾದ್ವಾದ. ಏಣಿ ಒಂದು ದೃಷ್ಟಿಯಿಂದ ನಿಮ್ಮದು, ಒಂದು ದೃಷ್ಟಿಯಿಂದ ನಿಮ್ಮದಲ್ಲ, ಒಂದು ದೃಷ್ಟಿಯಿಂದ ಹೇಳಲಿಕ್ಕೇ ಬರುವುದಿಲ್ಲ. ಹೀಗೆ ಏಳು ಬಗೆ. ಏಳರಲ್ಲಿ ಒಂದರಲ್ಲೂ ಏಣಿ ನಮ್ಮ ಮನೆಗೆ ಬರುವ ಸೂಚನೆ ಇರಲಿಲ್ಲ.

ಇಷ್ಟೆಲ್ಲ ಬೈದರೂ ಒಂದು ಮಾತು ಹೇಳಬೇಕು. ಹೋದಲ್ಲೆಲ್ಲ ಅವರು ನೆಲದ ಮೇಲೆ ಕೂತು ಪ್ರಸಾದ ಉಂಡು, ಅಲ್ಲಿಯ ಮಾತನ್ನು ಅಲ್ಲಿಯವರ ಬಾಯಿಂದಲೇ ಕೇಳಿ ಬರುತ್ತಾರೆ. ಬಿಟ್ಟುಬಂದ ಮತದ ಬಗ್ಗೆ ಒಂದು ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಪಾರ್ಕಿನ ಬೆಂಚಿನಲ್ಲಿ ಯಾರೋ ಅನ್ಯಮತದವರನ್ನು ಹೀಯಾಳಿಸುತ್ತಿದ್ದಾಗ, ಗೋವಿಂದಭಟ್ಟರು ಷರೀಫರನ್ನು ಶಿಷ್ಯರಾಗಿ ಸ್ವೀಕರಿಸಿದ ಕಥೆಯನ್ನು ಶುರುಮಾಡಿ, ಆತ ಎದ್ದುಹೋಗುವವರೆಗೂ ನಿಲ್ಲಿಸಲಿಲ್ಲ. ಅವರ ಕೊರೆತ ಊರಿಗೆ ಉಪಕಾರವಾದದ್ದನ್ನು ಅವತ್ತು ಕಂಡೆ.

ಹೋದ ವರ್ಷ ಮಹಾಲಯ ಅಮಾವಾಸ್ಯೆಯ ಸಂಜೆ, ಏನಾದರಾಗಲಿ ಎಂದು ನಾನೇ ಏಣಿ ಹೊತ್ತು ತರಲು ಹೋದೆ. ಅದು ನಡುಮನೆಯಲ್ಲಿ, ಅಟ್ಟಕ್ಕೆ ಒರಗಿ ನಿಂತಿತ್ತು. ಅಟ್ಟದ ಮೇಲೆ ಹಸಿರು ಟ್ರಂಕು. ಅವರ ಮನೆಯವರು ಇದ್ದಾಗ ಪ್ರತಿ ದಸರೆಗೂ ಇಳಿಸುತ್ತಿದ್ದ ಗೊಂಬೆಗಳು ಅದರಲ್ಲಿವೆ. ಅವರು ತೀರಿಕೊಂಡ ವರ್ಷವೇ ಟ್ರಂಕು ಇಳಿಸಲೆಂದು ಮ್ಯಾನೇಜರ್ರು ನನ್ನ ಏಣಿ ಒಯ್ದದ್ದು. "ಎರಡು ಮೆಟ್ಟಿಲು ಹತ್ತುತ್ತೀನಿ ಮೇಷ್ಟ್ರೇ, ಆಗಲ್ಲ. ಮೊಣಕಾಲು" ಎಂದರು. ಮೊಣಕಾಲು ಶ್ರವಣಬೆಳಗೊಳದ ಬೆಟ್ಟ ಹತ್ತಿದ್ದು ನನಗೆ ಗೊತ್ತಿತ್ತು. ನಾನು ಏನೂ ಅನ್ನದೆ ಹತ್ತಿದೆ.

ಕೆಳಗೆ ಏಣಿ ಹಿಡಿದು ನಿಂತವರು ಸುಮ್ಮನಿರುತ್ತಾರೆಯೇ? "ಶಂಕರರ ಪ್ರಕಾರ ಅವಳೂ ನಾನೂ ಬೇರೆ ಅಲ್ಲ. ಸಿಗೋ ಪ್ರಶ್ನೆಯೇ ಬರಲ್ಲ. ಬೌದ್ಧರನ್ನ ಕೇಳಿದ್ರೆ ಆತ್ಮವೇ ಇಲ್ಲ. ಮಧ್ವರಲ್ಲಿ ಮೋಕ್ಷದಲ್ಲೂ ಜೀವಜೀವಕ್ಕೆ ಭೇದ ಉಂಟು. ಅಲ್ಲಿ ಸಿಗಬಹುದು. ಆದ್ರೆ ಅಲ್ಲೂ ತಾರತಮ್ಯ ಇದೆಯಲ್ಲ? ಅವಳು ಮೇಲಿನ ಗ್ರೇಡು. ನನಗೆ ಇಷ್ಟು ಪ್ರಮೋಷನ್ ಆಗಬೇಕು" ಎನ್ನುತ್ತ, ಎಷ್ಟು ಎಂದು ತೋರಿಸಲು ಎರಡೂ ಕೈ ಮೇಲೆತ್ತಿದರು. ಏಣಿ ವಾಲಿತು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಅಟ್ಟದ ಅಂಚು ಹಿಡಿದು ನೇತಾಡುತ್ತಿದ್ದ ನನಗೆ, ಸತ್ತ ಮೇಲೆ ಏನಾಗುತ್ತದೆ ಎಂಬುದು ಮೊದಲ ಬಾರಿಗೆ ಅತ್ಯಂತ ತುರ್ತಿನ ಪ್ರಶ್ನೆಯಾಗಿ ಕಂಡಿತು.

ಟ್ರಂಕು ಇಳಿಯಿತು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಪಟ್ಟದ ಗೊಂಬೆಗಳನ್ನು ಬಿಚ್ಚಿದರು. ಮದುವೆಯಲ್ಲಿ ಹೆಂಡತಿಯ ತವರಿನಿಂದ ಬಂದ ರಾಜ, ರಾಣಿ. ರಾಣಿಯ ಮೂಗಿನ ಬಣ್ಣ ಹೋಗಿತ್ತು. ಎಡಕ್ಕೆ ಯಾರು, ಬಲಕ್ಕೆ ಯಾರು ಎಂದು ನನ್ನನ್ನು ಕೇಳಿದರು. ಆರು ಮತಗಳನ್ನು ಅರೆದು ಕುಡಿದವರಿಗೆ ಅದು ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ನಮ್ಮವಳನ್ನು ಕರೆಸಬೇಕಾಯಿತು. ಮನುಷ್ಯ ದೇವರನ್ನು ಹುಡುಕುತ್ತಾನೆ ಎನ್ನುತ್ತೇವೆ. ಎಷ್ಟೋ ಸಲ ಅವನು ಹುಡುಕುವುದು ತನ್ನವರನ್ನು, ದೇವರ ಮನೆಯ ವಿಳಾಸದಲ್ಲಿ. ಅಂಥವನಿಗೆ ಇದೇ ಸರಿಯಾದ ದಾರಿ ಎಂದು ಕೈ ತೋರಿಸಲು ನಾವು ಯಾರು?

ಏಣಿ ಮಾತ್ರ ಇನ್ನೂ ಅಲ್ಲೇ ಇದೆ. ದಸರೆ ಮುಗಿದ ಮೇಲೆ ಟ್ರಂಕು ಮೇಲಕ್ಕೆ ಹೋಗಬೇಕಿತ್ತು. ಹೋದ ಮೇಲೆ ಮತ್ತೆ ಮುಂದಿನ ವರ್ಷ ಇಳಿಯಬೇಕಲ್ಲ ಎಂದರು. ನಿನ್ನೆ ನಮ್ಮ ಮನೆಯ ಬಲ್ಬು ಸುಟ್ಟುಹೋಯಿತು. "ಏಣಿ ನಮ್ಮದು ತಾನೇ?" ಎಂದು ನಮ್ಮವಳು ಕೇಳಿದಳು. "ಒಂದು ದೃಷ್ಟಿಯಿಂದ ನಮ್ಮದೇ" ಎಂದೆ. ಅವಳು ಅನೇಕಾಂತವನ್ನು ಒಪ್ಪುವವಳಲ್ಲ. ಕುರ್ಚಿಯ ಮೇಲೆ ಸ್ಟೂಲು ಇಟ್ಟು, "ಹತ್ತಿ" ಎಂದಳು.