ಮಗ್ಗದೂರಿನಲ್ಲಿ ಎರಡು ಪಾರ್ಟಿ

ದೊಡ್ಡಬಳ್ಳಾಪುರದಿಂದ ಗೌರಿಬಿದನೂರು ದಾಟಿದರೆ ಹಿಂದೂಪುರ, ಅಂದರೆ ಆಂಧ್ರ. ದೊಡ್ಡಬಳ್ಳಾಪುರದ ಎಷ್ಟೋ ಮಗ್ಗದ ಮನೆಗಳಲ್ಲಿ ಒಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಇದರಿಂದ ಯಾರಿಗೂ ತಂಟೆಯಿಲ್ಲ. ಆದರೆ ಐಪಿಎಲ್ ಬಂತೋ, ಅಪ್ಪ ಹೈದರಾಬಾದು, ಮಗ ಆರ್‌ಸಿಬಿ! ಹಿಂದೂಪುರದ ಬೀಗರೂ ಬಂದಿಳಿದರಂತೂ ರಿಮೋಟು ಅಜ್ಜಿಯ ಸೆರಗಿನ ಗಂಟಿನಲ್ಲೇ ಕ್ಷೇಮ.

2016ರ ಫೈನಲ್‌ನಲ್ಲಿ ಹೈದರಾಬಾದು ಆರ್‌ಸಿಬಿಯನ್ನು ನಮ್ಮ ಚಿನ್ನಸ್ವಾಮಿ ಮೈದಾನದಲ್ಲೇ 8 ರನ್ನಿಂದ ಸೋಲಿಸಿದಾಗ, ಖುಷಿಪಟ್ಟವರು ಬಾಗಿಲು ಹಾಕಿಕೊಂಡು ಖುಷಿಪಟ್ಟರು. ಜಾಣರು, ಬೆಳಗಾದರೆ ಅದೇ ಬೀದಿಯಲ್ಲಿ ಓಡಾಡಬೇಕಲ್ಲ. 2025ರ ಜೂನ್ 3ರಂದು ಪಂಜಾಬನ್ನು 6 ರನ್ನಿಂದ ಮಣಿಸಿ ಆರ್‌ಸಿಬಿ ಮೊದಲ ಕಪ್ಪು ಗೆದ್ದಾಗ ಮಕ್ಕಳ ಸರದಿ. ಅವರೇನೂ ಬಾಗಿಲು ಹಾಕಲಿಲ್ಲ ಬಿಡಿ.

ಆರ್‌ಸಿಬಿ ಎದುರು ಚೆನ್ನೈ ಇಳಿದ ದಿನ ಮಾತ್ರ ಅಪ್ಪ, ಮಗ, ಬೀಗರು ಎಲ್ಲರದೂ ಒಂದೇ ಪಾರ್ಟಿ.