ರಸ್ತೆಗೆ ಎಷ್ಟು ಮಾರ್ಕು?

ಛಾಯಾಚಿತ್ರ ಸ್ಪರ್ಧೆ ಯಾವ ಊರಲ್ಲೇ ನಡೆಯಲಿ, ತೀರ್ಪುಗಾರರ ಪೈಕಿ ಜ್ಯೂರಿ ರಾಯರು ಇದ್ದೇ ಇರುತ್ತಾರೆ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿದೆ. ಆದರೆ ಕರಪತ್ರದಲ್ಲಿ ಆ ಹೆಸರಿನ ಬೆನ್ನಿಗೆ ಎಎಫ್‌ಐಎಪಿ, ಇಎಫ್‌ಐಎಪಿ ಎಂದು ಸಾಲುಗಟ್ಟಿ ನಿಲ್ಲುವ ಅಕ್ಷರಗಳ ನಡುವೆ ಅದನ್ನು ಹುಡುಕಿ ಓದಬೇಕು. ಬ್ಯಾಂಕಿನಿಂದ ನಿವೃತ್ತರಾದವರು. ಮೈಮೇಲೆ ಸದಾ ಜೇಬುಗಳೇ ತುಂಬಿದ ಖಾಕಿ ಜಾಕೀಟು. ಒಂದು ಜೇಬಿನಲ್ಲಿ ಲೆನ್ಸ್ ಒರೆಸುವ ಬಟ್ಟೆ, ಇನ್ನೊಂದರಲ್ಲಿ ಶುಗರ್ ಮಾತ್ರೆ, ಉಳಿದವೆಲ್ಲ ಗೌರವಾರ್ಥ ಖಾಲಿ.

ಆ ಅಕ್ಷರಗಳು ಸುಮ್ಮನೆ ಬಂದವಲ್ಲ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವೊಂದು 1950ರಲ್ಲಿ ಯುರೋಪಿನಲ್ಲಿ ಹುಟ್ಟಿತು. ಅದು ಮಾನ್ಯ ಮಾಡಿದ ಸಲೂನುಗಳಿಗೆ, ಅಂದರೆ ಸ್ಪರ್ಧಾ ಪ್ರದರ್ಶನಗಳಿಗೆ, ಶುಲ್ಕ ಕಟ್ಟಿ ಚಿತ್ರ ಕಳಿಸುತ್ತಾ ಹೋಗಬೇಕು. ಅಲ್ಲಿ ಸ್ವೀಕೃತವಾದವುಗಳ ಲೆಕ್ಕ ಬೆಳೆದಂತೆ ಬಿರುದೂ ಬೆಳೆಯುತ್ತದೆ. ರಾಯರ ಪಿಂಚಣಿಯ ಒಂದು ಪಾಲು ಹೀಗೆ ತಾವು ಕಾಲಿಡದ ದೇಶಗಳಿಗೆಲ್ಲ ಹೋಗಿದೆ. "ಮನೆಗೊಂದು ಫ್ರಿಜ್ ತನ್ನಿ ಅಂದ್ರೆ ಸರ್ಬಿಯಾಕ್ಕೆ ದುಡ್ಡು ಕಳಿಸ್ತಾರೆ" ಎಂಬುದು ಅವರ ಮನೆಯವರ ಅಹವಾಲು.

ಸ್ಪರ್ಧೆಯ ದಿನ ಲ್ಯಾಪ್‌ಟಾಪಿನ ಮುಂದೆ ಕೂತು ಚಿತ್ರಗಳನ್ನು ಒಂದೊಂದಾಗಿ ಪರದೆಗೆ ಬಿಡುವ ಕೆಲಸ ನನ್ನದು. ಎದುರಿಗೆ ಮೂವರು ತೀರ್ಪುಗಾರರು, ಒಬ್ಬೊಬ್ಬರ ಕೈಯಲ್ಲೂ ಒಂದರಿಂದ ಐದರವರೆಗಿನ ಗುಂಡಿಗಳು. ಒಂದು ಚಿತ್ರಕ್ಕೆ ಸಿಗುವುದು ಕೆಲವೇ ಸೆಕೆಂಡು. ರಾಯರಿಗೆ ಅಷ್ಟೂ ಬೇಡ. ಹೊಗೆ ತುಂಬಿದ ಅಡುಗೆಮನೆಯಲ್ಲಿ ಬಿಸಿಲುಕೋಲು ಬಿದ್ದ ಮುದುಕಿ: ಐದು. ಸುಕ್ಕು ಮುಖದ ಸಾಧು: ನಾಲ್ಕು. ಕೆಸರು ಹಾರಿಸುವ ಕಂಬಳದ ಕೋಣ: ಐದು. ಮೀನು ಕಚ್ಚಿದ ಮಿಂಚುಳ್ಳಿ: ನಾಲ್ಕು, ಮೀನು ಜಾರುತ್ತಿದ್ದರೆ ಐದು. ಇವೆಲ್ಲ ಹಿಂದೆ ಎಲ್ಲೆಲ್ಲೋ ಪದಕ ಗೆದ್ದ ಚಿತ್ರಗಳ ಅಣ್ಣತಮ್ಮಂದಿರು. ಹಳೆಯ ಗಿರಾಕಿಯನ್ನು ಕಂಡ ಕೂಡಲೇ ರಾಯರ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತುತ್ತದೆ.

ಹೀಗೆ ಸುಸೂತ್ರವಾಗಿ ಸಾಗುತ್ತಿರುವಾಗ ಪರದೆಯ ಮೇಲೆ ಒಂದು ರಸ್ತೆ ಬಂತು.

ಬರೀ ರಸ್ತೆ. ಮಾಗಡಿ ಕಡೆಯ ಯಾವುದೋ ಹಳ್ಳಿಯದು. ಎರಡೂ ಅಂಚಿನಲ್ಲಿ ಮಳೆ ತಿಂದು ಉಳಿದ ಟಾರು, ಎಡಗಡೆ ಒಂದು ಹುಣಸೆ ಮರ, ಅದರ ಬುಡದಲ್ಲಿ ಗ್ರಾಮಸಡಕ್ ಯೋಜನೆಯ ಕಿತ್ತಳೆ ತಲೆಯ ಮೈಲಿಗಲ್ಲು. ರಸ್ತೆಯ ಅರ್ಧಕ್ಕೆ ಒಕ್ಕಣೆಗೆಂದು ಹುರುಳಿ ಹಾಸಿದ್ದಾರೆ. ಬಸ್ಸು ಲಾರಿ ಓಡಾಡಿ ಎರಡು ಗಾಲಿಗಳ ಜಾಡಿನಲ್ಲಿ ಬಳ್ಳಿ ನುಗ್ಗಾಗಿ ಹೊಳೆಯುತ್ತಿದೆ. ನಡುವಿನದು ಹಾಗೇ ಉಬ್ಬಿ ನಿಂತಿದೆ. ಬೈಕಿನವರು ಅಂಚಿಗೆ ಬಂದು ಜಾರದಿರಲಿ ಎಂದು ನಾಲ್ಕಾರು ದಪ್ಪ ಕಲ್ಲು ಇಟ್ಟಿದ್ದಾರೆ. ದೂರದಲ್ಲಿ ಒಂದು ಸ್ಪ್ಲೆಂಡರ್, ಹಿಂದೆ ಕೂತವರ ತಲೆಯ ಮೇಲೆ ಸಿಮೆಂಟ್ ಚೀಲದ ಕೊಪ್ಪೆ. ಜನ ಮಳೆಗೆ ಹಾಕಿಕೊಳ್ಳುವ ಕೊಪ್ಪೆ ಇಲ್ಲಿ ಬಿಸಿಲಿಗೆ ಒದಗಿದೆ.

ರಾಯರ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವನ ಹಾಗೆ ಮೇಲಿಂದ ಕೆಳಗೆ ನೋಡಿದರು, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಇದ್ರಲ್ಲಿ ಸಬ್ಜೆಕ್ಟ್ ಎಲ್ಲಪ್ಪಾ?"

"ರಸ್ತೆ ಸಾರ್" ಎಂದೆ.

"ರಸ್ತೆ ಸಬ್ಜೆಕ್ಟ್ ಅಲ್ಲ ಕಣಯ್ಯ. ರಸ್ತೆ ನಮ್ಮನ್ನ ಸಬ್ಜೆಕ್ಟ್ ಹತ್ರ ಕರ್ಕೊಂಡು ಹೋಗೋದು. ಕರ್ಕೊಂಡು ಹೋಯ್ತು, ಅಲ್ಲಿ ಯಾರೂ ಇಲ್ಲ!"

ಆಮೇಲೆ ದೋಷಗಳ ಪಟ್ಟಿ ಶುರುವಾಯಿತು. ಆಕಾಶ ಬೆಳ್ಳಗಿದೆ, ಮೋಡ ಇಲ್ಲ. ಕರೆಂಟಿನ ತಂತಿ ಅಡ್ಡ ಬಂದಿದೆ. ದಿಗಂತ ಮೂರನೇ ಒಂದರ ಗೆರೆಗೆ ಕೂರಬೇಕಿತ್ತು, ನಡುವಿಗೆ ಬಂದು ಕೂತಿದೆ. ಸ್ಪ್ಲೆಂಡರ್ ಚಿತ್ರದಿಂದ ಆಚೆ ಹೋಗುತ್ತಿದೆ, ಒಳಕ್ಕೆ ಬರಬೇಕಿತ್ತು. "ಅವರಿಗೆ ಊರಿಗೆ ಹೋಗ್ಬೇಕಿತ್ತೇನೋ ಸಾರ್" ಎಂದು ಪಕ್ಕದ ತೀರ್ಪುಗಾರ್ತಿ ಮೆಲ್ಲಗೆ ಅಂದರು. ರಾಯರಿಗೆ ಕೇಳಿಸಲಿಲ್ಲ. "ಇದನ್ನ ಟ್ರಾವೆಲ್ ವಿಭಾಗಕ್ಕೆ ಕಳಿಸಿದ್ರೆ ಊರಿನ ವಿಶೇಷ ಏನಾದ್ರೂ ಇರ್ಬೇಕು. ಓಪನ್‌ಗೆ ಕಳಿಸಿದ್ರೆ ಮೂಡ್ ಇರ್ಬೇಕು. ಜರ್ನಲಿಸಂಗೆ ಕಳಿಸಿದ್ರೆ ಕನಿಷ್ಠ ಒಂದು ಆಕ್ಸಿಡೆಂಟಾದ್ರೂ ಆಗ್ಬೇಕು. ಏನೂ ಆಗಿಲ್ವಲ್ಲ ಇಲ್ಲಿ!"

ಎರಡು ಮಾರ್ಕು ಒತ್ತಿದರು. ಚಿತ್ರ ಉದುರಿತು.

ರಾಯರಿಗೆ ಹಳ್ಳಿ ರಸ್ತೆಯ ಮೇಲೆ ದ್ವೇಷವಿದೆ ಎಂದುಕೊಳ್ಳಬೇಡಿ. ಅವರಿಗೆ ಚಿನ್ನದ ಪದಕ ತಂದದ್ದೇ ಹಳ್ಳಿ ರಸ್ತೆ. ಮರಗಳ ಸಂದಿಯಿಂದ ಇಳಿಯುವ ಕಿರಣ, ಹೊನ್ನಿನ ಧೂಳು, ಧೂಳಿನಲ್ಲಿ ಕುರಿ ಮಂದೆ, ಹಿಂದೆ ಕಂಬಳಿ ಹೊದ್ದ ಕುರುಬ. ಅದರ ಹಿಂದಿನ ಏರ್ಪಾಟು ರಾಯರ ಫೋಟೋ ಕ್ಲಬ್ಬಿನವರಿಗೆಲ್ಲ ಗೊತ್ತು. ಕುರಿಯವರಿಗೆ ಹಿಂದಿನ ದಿನವೇ ಅಡ್ವಾನ್ಸ್ ಹೋಗಿತ್ತು. ಟ್ರೌಸರ್ಸ್ ಹಾಕಿಕೊಂಡಿದ್ದ ಕುರುಬರಿಗೆ ಪಂಚೆ ಉಡಿಸಿ, ಅವರ ಮೊಬೈಲು ಕಸಿದು ಇಟ್ಟುಕೊಂಡಿದ್ದರು. ಹಿಂದಿನ ರಾತ್ರಿ ಮಳೆ ಬಿದ್ದು ಧೂಳೇಳದ ಕಾರಣ ಮರದ ಮರೆಯಲ್ಲಿ ಇಬ್ಬರು ಹುಡುಗರು ಮೊರದಲ್ಲಿ ಒಣಮಣ್ಣು ತೂರುತ್ತಿದ್ದರು. ಒಂದೇ ಮಂದೆ ಒಂದೇ ರಸ್ತೆಯಲ್ಲಿ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ ಕೊನೆಗೆ ಕುರಿಗಳೇ ಮುಷ್ಕರ ಹೂಡಿದವು. ಸುತ್ತ ನಿಂತಿದ್ದ ಸದಸ್ಯರೆಲ್ಲರ ಕ್ಯಾಮೆರಾದಲ್ಲೂ ಅದೇ ಕುರಿ, ಅದೇ ಕಿರಣ. ಎಲ್ಲರಿಗೂ ಒಂದೊಂದು ದೇಶದಿಂದ ಮನ್ನಣೆ.

ಈ ಚಾಳಿಗೆ ದೊಡ್ಡವರ ಮೇಲ್ಪಂಕ್ತಿಯೂ ಇದೆ ಎನ್ನಬಹುದು. ಕ್ರಿಮಿಯಾ ಯುದ್ಧದ ಕಾಲಕ್ಕೆ, 1855ರಲ್ಲಿ, ಬ್ರಿಟಿಷ್ ಛಾಯಾಗ್ರಾಹಕ ರೋಜರ್ ಫೆಂಟನ್ ಒಂದು ಬೋಳು ರಸ್ತೆಯ ಎರಡು ಚಿತ್ರ ತೆಗೆದ. ಒಂದರಲ್ಲಿ ಫಿರಂಗಿ ಗುಂಡುಗಳು ಪಕ್ಕದ ತಗ್ಗಿನಲ್ಲಿವೆ, ಇನ್ನೊಂದರಲ್ಲಿ ರಸ್ತೆಯ ಮೇಲೂ ಹರಡಿವೆ. ಚಿತ್ರಕ್ಕೆ ಕಳೆ ಬರಲೆಂದು ಅವನೇ ಉರುಳಿಸಿದನೇ ಎಂಬ ವಾದ ಇನ್ನೂ ತಣ್ಣಗಾಗಿಲ್ಲ. ರಾಯರಿಗೆ ಈ ಕಥೆ ಹೇಳಿದರೆ ಅವರಿಗೆ ವಾದವೇ ಕಾಣಲಿಲ್ಲ. "ಉರುಳಿಸ್ದೆ ಮತ್ತೇನ್ ಮಾಡ್ಬೇಕಿತ್ತು? ಖಾಲಿ ರಸ್ತೆಗೆ ಯಾರು ಕೊಡ್ತಾರೆ ಮಾರ್ಕು?"

ಖಾಲಿತನಕ್ಕೂ ಬೆಲೆ ಕಟ್ಟಿದವರುಂಟು ಎಂದು ನಾನು ಆಂಡ್ರಿಯಾಸ್ ಗುರ್ಸ್ಕಿಯ ಹೆಸರೆತ್ತಿದೆ. ಈ ಜರ್ಮನ್ ಛಾಯಾಗ್ರಾಹಕ 1999ರಲ್ಲಿ ಮಾಡಿದ ರೈನ್ ನದಿಯ ಚಿತ್ರದಲ್ಲಿ ಇರುವುದು ಹುಲ್ಲು, ನೀರು, ಮುಂದೊಂದು ಕಾಲುದಾರಿ, ಮೇಲೆ ಮಂಕು ಆಕಾಶ. ನಾಯಿ ಕರೆದುಕೊಂಡು ಅಡ್ಡಾಡುತ್ತಿದ್ದವರನ್ನೂ ಆಚೆ ದಡದ ಕಟ್ಟಡವನ್ನೂ ಅವನು ಕಂಪ್ಯೂಟರಿನಲ್ಲಿ ಅಳಿಸಿಹಾಕಿದ. ಅದು 2011ರ ಹರಾಜಿನಲ್ಲಿ 43 ಲಕ್ಷ ಡಾಲರಿಗೂ ಮಿಕ್ಕಿ ಹೋಯಿತು. ರಾಯರು ಸ್ವಲ್ಪ ಹೊತ್ತು ಮೌನವಾಗಿದ್ದರು. ಡಾಲರನ್ನು ರೂಪಾಯಿಗೆ ಪರಿವರ್ತಿಸುತ್ತಿದ್ದರು. ಆಮೇಲೆ, "ನಾಯಿ ತೆಗೀಬಾರ್ದಿತ್ತು" ಎಂದರು.

ರಸ್ತೆಯ ಚಿತ್ರ ಕಳಿಸಿದ ಹುಡುಗ ಪಾಲಿಟೆಕ್ನಿಕ್ ವಿದ್ಯಾರ್ಥಿ. ಬಹುಮಾನ ವಿತರಣೆಯ ಸಂಜೆ ಧೈರ್ಯ ಮಾಡಿ ರಾಯರ ಹತ್ತಿರ ಬಂದ. ಮೊಬೈಲಿನಲ್ಲಿ ಇನ್ನೊಂದು ರಸ್ತೆ ತೋರಿಸಿದ: ಬಟಾಬಯಲಲ್ಲಿ ದಿಗಂತದವರೆಗೂ ನೆಟ್ಟಗೆ ಹೋಗುವ ದಾರಿ, ನರಪಿಳ್ಳೆ ಇಲ್ಲ. "ಇದು ಹೇಗಿದೆ ಸಾರ್?"

"ಅದೇ ತಪ್ಪು. ಚಿತ್ರಾನ ನಡುವೆ ಸೀಳ್ಬಿಟ್ಟಿದೆ. ನಿಂದೇನಾ?"

"ಅಲ್ಲ ಸಾರ್, ಡೊರೊಥಿಯಾ ಲ್ಯಾಂಗ್ ಅವರದು. 1938, ನ್ಯೂ ಮೆಕ್ಸಿಕೋ. ಬರಗಾಲದಲ್ಲಿ ಜಮೀನು ಕಳ್ಕೊಂಡೋರು ಹಿಂಗೇ ರಸ್ತೆ ಹಿಡಿದು ಪಶ್ಚಿಮಕ್ಕೆ ಗುಳೆ ಹೋಗ್ತಿದ್ರಂತೆ."

ಬೇರೆಯವರಾಗಿದ್ದರೆ ತಡವರಿಸುತ್ತಿದ್ದರು. ರಾಯರು ಹುಡುಗನ ಹೆಗಲ ಮೇಲೆ ಕೈ ಇಟ್ಟು, "ನೋಡು ಮರಿ, ಅವರು ಮಾಸ್ಟರು. ನಿಯಮ ಗೊತ್ತಿದ್ದು ಮುರ್ದಿದಾರೆ. ನೀನು ಗೊತ್ತಿಲ್ದೆ ಮುರ್ದಿದೀಯ. ವ್ಯತ್ಯಾಸ ಫೋಟೋದಲ್ಲೇ ಕಾಣ್ಸುತ್ತೆ" ಎಂದರು.

ರಾಯರ ಪರವಾಗಿ ಒಂದು ಮಾತು ಹೇಳಲೇಬೇಕು. ಮಿಂಚುಳ್ಳಿ ಒಂದೇ ಏಟಿಗೆ ಕಣ್ಣಿಗೆ ಹೊಡೆಯುತ್ತದೆ. ಹುರುಳಿಯ ಮೇಲಿನ ಗಾಲಿ ಜಾಡು, ಅಂಚಿನ ಕಲ್ಲು, ಸಿಮೆಂಟ್ ಚೀಲದ ಕೊಪ್ಪೆ ಒಂದಾದ ಮೇಲೊಂದು ಕಾಣಬೇಕಾದರೆ ಎರಡು ನಿಮಿಷವಾದರೂ ಬೇಕು. ಮಧ್ಯಾಹ್ನದ ಊಟದೊಳಗೆ ಇನ್ನೂರು ಚಿತ್ರ ಮುಗಿಸಬೇಕಾದವರಿಗೆ ಆ ಎರಡು ನಿಮಿಷವನ್ನು ಯಾವ ಸಂಘವೂ ಕೊಡುವುದಿಲ್ಲ. ಅದೇ ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯ ಬದಿಗೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ 385 ಆಲದ ಗಿಡ ನೆಟ್ಟು, ನೀರು ಹೊತ್ತು ಬೆಳೆಸಿದರು. ಅವು ಮರವಾಗಿ, ಲೋಕ ಕಣ್ಣೆತ್ತಿ ನೋಡಿ, ತಿಮ್ಮಕ್ಕನಿಗೆ ಪದ್ಮಶ್ರೀ ಬರುವ ಹೊತ್ತಿಗೆ 2019 ಆಗಿತ್ತು. ದೆಹಲಿಗೇ ಅಷ್ಟು ಕಾಲ ಬೇಕಾದ ಮೇಲೆ, ಗುಂಡಿ ಹಿಡಿದು ಕೂತ ರಾಯರನ್ನು ಒಬ್ಬರನ್ನೇ ಬೈದು ಏನು ಪ್ರಯೋಜನ? ಆ ಸಾಲಿನ ಚಿತ್ರವೂ ಒಮ್ಮೆ ಅವರ ಮುಂದೆ ಬಂದಿತ್ತು. "ಪ್ಯಾಟರ್ನ್ ಚೆನ್ನಾಗಿದೆ, ಆದ್ರೆ ಎಲ್ಲಾ ಒಂದೇ ಥರ ಮರ" ಎಂದು ಮೂರು ಕೊಟ್ಟಿದ್ದರು.

ಪಾಲಿಟೆಕ್ನಿಕ್ ಹುಡುಗ ಬುದ್ಧಿವಂತ. ಮುಂದಿನ ವರ್ಷದ ಸ್ಪರ್ಧೆಯ ಹೊತ್ತಿಗೆ ಕ್ಲಬ್ಬಿನ ಸದಸ್ಯನಾಗಿದ್ದ, ಜೇಬಿನ ಜಾಕೀಟೂ ಕೊಂಡಿದ್ದ. ಅದೇ ರಸ್ತೆಗೆ ಮತ್ತೆ ಹೋಗಿ, ಬೆಳಗ್ಗೆ ಆರೂವರೆಗೆ, ಕುರಿಯವರಿಗೆ ಮುಂಗಡ ಕೊಟ್ಟು, ಮೊರ ಹಿಡಿಯಲು ತಮ್ಮನನ್ನು ಕೂರಿಸಿ, ಹೇಳಿಕೊಟ್ಟದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದ. ಚಿತ್ರ ಪರದೆಗೆ ಬಂತು. ಕಿರಣ, ಧೂಳು, ಕುರಿ, ಕಂಬಳಿ ಎಲ್ಲ ಎಲ್ಲಿರಬೇಕೋ ಅಲ್ಲೇ ಇದ್ದವು. ಉಳಿದಿಬ್ಬರೂ ಐದು ಒತ್ತಿ ಆಗಿತ್ತು.

ರಾಯರು ಮಾತ್ರ ಕನ್ನಡಕ ತೆಗೆದರು, ಹಾಕಿಕೊಂಡರು, ಪರದೆಯ ಹತ್ತಿರಕ್ಕೇ ಎದ್ದುಹೋಗಿ ಧೂಳಿನೊಳಗೆ ಇಣುಕಿದರು.

"ಕುರಿಯೇನೋ ಚೆನ್ನಾಗಿದೆ. ಆದ್ರೆ ಇವು ಎಲ್ಲಿಗೆ ಹೋಗ್ತಿವೆ ಅಂತ ಗೊತ್ತಾಗೋದು ಬೇಡ್ವೇನಯ್ಯ? ರಸ್ತೆಯೇ ಕಾಣಿಸ್ತಾ ಇಲ್ವಲ್ಲ!"

ಮೂರು ಒತ್ತಿದರು.